ಉಪಗ್ರಹ ಹಾರಿದ ಶನಿವಾರ

ತನ್ನ ತಾಯಿ ತೀರಿಕೊಂಡ ದಿನವನ್ನು ನೆನಪಿಟ್ಟುಕೊಳ್ಳಲು ಅಜ್ಜಿಗೆ ಇದ್ದದ್ದು ಒಂದೇ ಗುರುತು: ಆ ದಿನ ಅಮೆರಿಕದವರು ತಮ್ಮ ಮೊದಲ ಉಪಗ್ರಹವನ್ನು ಹಾರಿಸಿದರು. ಆ ಗುರುತನ್ನು ಅವಳು ಅರವತ್ತೈದು ವರ್ಷ ಕಾಪಾಡಿಕೊಂಡಿದ್ದಳು. ನಾನು ಅದನ್ನು ನಾಲ್ಕು ಶನಿವಾರಗಳಲ್ಲಿ, ಒಳ್ಳೆಯ ಪೆನ್ನು ಹಿಡಿದು, ಅಳಿಸಿ ಹಾಕಿದೆ. ಅದು ಅವಳ ತಾಯಿಯ ದಿನವೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನಿರುವುದು ಅಮೆರಿಕದ ಆಸ್ಟಿನ್‌ನಲ್ಲಿ. ಆಫೀಸು ಅಲ್ಲಿನ ಡೊಮೇನ್ ಬಡಾವಣೆಯ ಹತ್ತಿರ. ಅಜ್ಜಿ ಇರುವುದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ, ತನ್ನ ಮಗಳ ಜೊತೆ, ಅಂದರೆ ನನ್ನ ಅಮ್ಮನ ಜೊತೆ. ಅಜ್ಜಿಯದು ಮರೆವಿನ ಕಾಯಿಲೆ ಎಂದು ಡಾಕ್ಟರ್ ಹೇಳಿದ ವಾರದಿಂದ ನಾನು ಪ್ರತಿ ಶನಿವಾರ ಬೆಳಿಗ್ಗೆ ಡ್ರೈವ್ ಮಾಡಿಕೊಂಡು ಹೋಗಿ ಭಾನುವಾರ ಸಂಜೆ ಮರಳುತ್ತೇನೆ. ಹನ್ನೊಂದು ವರ್ಷದವಳಿದ್ದಾಗಿನಿಂದ ಡೈರಿ ಬರೆಯುವ ಅಭ್ಯಾಸ ನನ್ನದು. ಹಾಗಾಗಿ ಅಜ್ಜಿಗೂ ಅದರಲ್ಲಿ ಶನಿವಾರಕ್ಕೊಂದು ಪುಟ ಮೀಸಲಾಯಿತು. ಎಷ್ಟು ಹೊತ್ತಿಗೆ ತಲುಪಿದೆ, ನನ್ನನ್ನು ಸರಿಯಾದ ಹೆಸರಿನಿಂದ ಎಷ್ಟು ಸಲ ಕರೆದಳು, ಯಾವ ಮಾತು ಎಷ್ಟು ಸಲ ತಿರುಗಿ ಬಂತು. ಡಾಕ್ಟರಿಗೆ ಉಪಯೋಗವಾದೀತು ಎಂದು ಶುರು ಮಾಡಿದ್ದು. ಡಾಕ್ಟರ್ ಒಂದು ಸಲವೂ ಕೇಳಲಿಲ್ಲ.

ಅಜ್ಜಿಗೆ ಅದು ತಮಾಷೆಯಾಗಿತ್ತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಕೂಗುತ್ತಿದ್ದಳು.

"ಬಂದ್ಲು ನೋಡು ಚಿತ್ರಗುಪ್ತ. ಇವತ್ತಿಗೆ ನನ್ನ ಪಾಪ ಎಷ್ಟಾತು?"

"ಏಳು, ಅಜ್ಜಿ. ಚಹಾದಾಗ ಮೂರು ಚಮಚ ಸಕ್ಕರಿ ಹಾಕ್ಕೊಂಡಿದ್ದೂ ಸೇರಿ."

"ಅದನ್ನ ಬಿಡು. ಅದು ನಿಮ್ಮವ್ವನ ಪಾಪ. ಸಕ್ಕರಿ ಡಬ್ಬಿ ನನ್ನ ಕೈಗೆ ಎಟಕೂ ಹಂಗ ಇಟ್ಟಾಳ."

ಹಾಗೆ ನೋಡಿದರೆ ಲೆಕ್ಕ ಇಡುವುದು ನನಗೆ ಬಂದದ್ದೇ ಅವಳಿಂದ. ಅವಳ ಬಳಿ ಒಂದು ಶಾಲೆಯ ನೋಟ್‌ಬುಕ್ಕಿತ್ತು. 1958ರಲ್ಲಿ, ಧಾರವಾಡದಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದಾಗ ಹಿಡಿದದ್ದು. ಕಂದು ಕಾಗದದ ಹೊದಿಕೆ, ಒಳಗೆ ಸ್ಕೇಲಿನಿಂದ ಎಳೆದ ಮೂರು ಅಂಕಣ: ತಾರೀಖು, ಹೆಸರು, ಹಾರಿತೋ ಬಿತ್ತೋ. ಅಮೆರಿಕದ ರಾಕೆಟ್ಟುಗಳ ಪಟ್ಟಿ ಅದು. ರೇಡಿಯೊದಲ್ಲಿ ಕೇಳಿ, ಎದುರು ಮನೆಗೆ ಬರುತ್ತಿದ್ದ ಪೇಪರ್ ನೋಡಿ, ಮದುವೆಯಾಗುವವರೆಗೂ ಪೆನ್ಸಿಲಿನಲ್ಲಿ ಬರೆದಿದ್ದಳು. ಒಟ್ಟು ಎಂಬತ್ತನಾಲ್ಕು ಸಾಲು. ಚಿಕ್ಕಂದಿನಲ್ಲಿ ನಾನು ಹ್ಯೂಸ್ಟನ್ನಿಗೆ ಬಂದ ಹೊಸತರಲ್ಲಿ ಕನ್ನಡ ಮರೆಯಬಾರದೆಂದು ಅವಳು ನನಗೆ ಓದಿಸುತ್ತಿದ್ದದ್ದು ಈ ಪಟ್ಟಿಯನ್ನೇ. "ಬಿತ್ತು", "ಹಾರಿತು", "ಬಿತ್ತು", "ಬಿತ್ತು". ಆಗಿನ ಕಾಲದಲ್ಲಿ ಬಿದ್ದವೇ ಹೆಚ್ಚು.

ಮೊದಲ ಸಾಲು ಹೀಗಿತ್ತು: ಫೆಬ್ರವರಿ 1, ಎಕ್ಸ್‌ಪ್ಲೋರರ್, ಹಾರಿತು. ಅದರ ಮೇಲೆ, ಅಂಚಿನಲ್ಲಿ, ಆಮೇಲೆ ತುರುಕಿದ ಒಂದು ಸಾಲು: ಡಿಸೆಂಬರ್, ವ್ಯಾನ್‌ಗಾರ್ಡ್, ಬಿತ್ತು. ಅದರ ಕಥೆಯನ್ನು ಅಜ್ಜಿ ತುಂಬ ಸಲ ಹೇಳಿದ್ದಾಳೆ. ರಷ್ಯಾದವರು ಎರಡು ಉಪಗ್ರಹ ಹಾರಿಸಿ ಆಗಿತ್ತು. ಅಮೆರಿಕದವರು ಅವಸರದಲ್ಲಿ ಹೊರಟರು. ರಾಕೆಟ್ಟು ಆಳೆತ್ತರ ಎದ್ದು ಮತ್ತೆ ಅಲ್ಲೇ ಕುಸಿದು ಬೆಂಕಿಯಾಯಿತು. ತುದಿಯಲ್ಲಿದ್ದ ಪುಟ್ಟ ಗುಂಡು ಮಾತ್ರ ಸಿಡಿದು ದೂರ ಬಿದ್ದು, ಬಿದ್ದಲ್ಲಿಂದಲೇ ಬೀಪ್ ಬೀಪ್ ಎಂದು ಸಂಕೇತ ಕಳಿಸುತ್ತಿತ್ತು.

"ಬಿದ್ರೂ ಅದಕ್ಕ ಗೊತ್ತಾಗಿದ್ದಿಲ್ಲ ನೋಡು," ಎನ್ನುತ್ತಿದ್ದಳು ಅಜ್ಜಿ. "ಮ್ಯಾಲ ಇದ್ದೀನಿ ಅಂತನ ತಿಳಕೊಂಡಿತ್ತು."

ಪ್ರತಿ ವರ್ಷ ಫೆಬ್ರವರಿ ಒಂದರಂದು ಅಜ್ಜಿ ಸಜ್ಜಕ ಮಾಡುತ್ತಿದ್ದಳು. ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಭಾರತೀಯ ಅಂಗಡಿಯಿಂದಲೇ ಗೋಧಿ ರವೆ ಬರಬೇಕು, ಬೇರೆ ಕಡೆಯದು ನಡೆಯುವುದಿಲ್ಲ. ಬೆಲ್ಲ ಹಾಕಿ, ತುಪ್ಪ ಬಿಟ್ಟು, ಮೊದಲು ಒಂದು ತಟ್ಟೆಗೆ ಬಡಿಸಿ ಅಡುಗೆಮನೆಯ ಮೂಲೆಯಲ್ಲಿ ಇಡುತ್ತಿದ್ದಳು. ಪಕ್ಕದಲ್ಲಿ ಒಂದು ಲೋಟ ನೀರು. ಸ್ವಲ್ಪ ಹೊತ್ತಿನ ನಂತರ ಆ ತಟ್ಟೆಯನ್ನು ನಮ್ಮಲ್ಲಿ ಒಬ್ಬರ ಕೈಗೆ ಕೊಟ್ಟು, ಅವರು ತಿಂದ ಮೇಲೆ ತಾನು ತಿನ್ನುತ್ತಿದ್ದಳು. ನಾವು ಅದಕ್ಕೆ ರಾಕೆಟ್ ಹಬ್ಬ ಎಂದು ಹೆಸರಿಟ್ಟಿದ್ದೆವು. ಅಪ್ಪ ಒಂದು ವರ್ಷ ಆ ತಟ್ಟೆಗೆ ಮೇಣದಬತ್ತಿ ಚುಚ್ಚಿ ಹ್ಯಾಪಿ ಬರ್ತ್‌ಡೇ ಹಾಡಿದ್ದರು. ನಾವೆಲ್ಲ ಚಪ್ಪಾಳೆ ಹೊಡೆದೆವು. ಅಜ್ಜಿ ಬೇಡವೆನ್ನಲಿಲ್ಲ. ಮೇಣದಬತ್ತಿಯನ್ನು ತೆಗೆದು, ಅದು ಚುಚ್ಚಿದ ಗುಂಡಿಯನ್ನು ಚಮಚದಿಂದ ಮುಚ್ಚಿದಳು. ಇದೂ ನನ್ನ ಡೈರಿಯಲ್ಲಿದೆ.

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಅಜ್ಜಿಗೆ ಇನ್ನೂ ಸಾಕಷ್ಟು ನೆನಪಿರುವಾಗಲೇ ತೋರಿಸಿಬಿಡೋಣವೆಂದು ಅವಳನ್ನು ಹ್ಯೂಸ್ಟನ್ನಿನ ತೆಂಕಣ ತುದಿಯಲ್ಲಿರುವ ರಾಕೆಟ್ಟುಗಳ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಚಂದ್ರನಿಗೆ ಹೋಗುವ ದೊಡ್ಡ ರಾಕೆಟ್ಟನ್ನು ಒಂದು ಉದ್ದನೆಯ ಕಟ್ಟಡದೊಳಗೆ ಅಡ್ಡ ಮಲಗಿಸಿಟ್ಟಿದ್ದಾರೆ. ಅಜ್ಜಿ ಗಾಲಿಕುರ್ಚಿಯಲ್ಲಿ ಕುಳಿತು ಅದರ ಉದ್ದಕ್ಕೂ ಹೋಗಿ ಬಂದಳು.

"ಇದನ್ಯಾಕ ಮಲಗಿಸ್ಯಾರ? ಆರಾಮಿಲ್ಲೇನು?"

"ಇದು ಹಾರಲೇ ಇಲ್ಲ, ಅಜ್ಜಿ. ತಯಾರಾಗಿತ್ತು, ಆಮ್ಯಾಲೆ ಬ್ಯಾಡಾತು."

"ಪಾಪ. ಸೀರಿ ಉಡಿಸಿ, ದಂಡಿ ಕಟ್ಟಿ, ಮದಿವಿ ನಿಂತಂಗ ಆತು."

ಇನ್ನೊಂದು ಕೋಣೆಯ ಗೋಡೆಯ ಮೇಲೆ ಯಾವ ಉಪಗ್ರಹ ಯಾವಾಗ ಹಾರಿತು ಎಂಬ ಪಟ್ಟಿಯಿತ್ತು. ಅಜ್ಜಿ ಅದರ ಮುಂದೆ ಕುರ್ಚಿ ನಿಲ್ಲಿಸಲು ಹೇಳಿ ಕಣ್ಣು ಕಿರಿದು ಮಾಡಿ ಓದಿದಳು. ಎಕ್ಸ್‌ಪ್ಲೋರರ್‌ನ ಮುಂದೆ ಜನವರಿ 31 ಎಂದಿತ್ತು.

"ತಪ್ಪು ಬರ್ದಾರ. ಒಂದನೇ ತಾರೀಖು ಅದು. ಹೇಳು ಅವರಿಗೆ."

"ತಪ್ಪಲ್ಲ, ಅಜ್ಜಿ. ಇವರು ಹಾರಿಸಿದಾಗ ಇಲ್ಲೆ ಇನ್ನೂ ಮೂವತ್ತೊಂದರ ರಾತ್ರಿ. ಧಾರವಾಡದಾಗ ಆಗಲೇ ಮರುದಿನ ಮುಂಜಾನಿ ಒಂಬತ್ತು ದಾಟಿತ್ತು. ಹಾರಿಸಿದವರು ಇವರು. ಇವರ ತಾರೀಖೇ ಖರೆ."

"ಹಾರಿಸಿದವರದು ಖರೆ, ಕೇಳಿದವರದು ಸುಳ್ಳೇನು?"

ನಾನು ಉತ್ತರ ಕೊಡುವುದರೊಳಗೆ ಅವಳು ಅಲ್ಲಿ ನಿಂತಿದ್ದ ವಯಸ್ಸಾದ ಸ್ವಯಂಸೇವಕನನ್ನು ಕೈಸನ್ನೆ ಮಾಡಿ ಕರೆದು, ಬೋರ್ಡು ತೋರಿಸಿ, "ರಾಂಗ್ ಡೇಟ್" ಎಂದಳು. ಆತ ಬಗ್ಗಿ, ಕೈ ಕಿವಿಗೆ ಹಿಡಿದು ಕೇಳಿ, "ಯೆಸ್ ಮ್ಯಾಮ್, ಗ್ರೇಟ್ ಡೇ" ಎಂದು ನಕ್ಕ. ಮನೆಗೆ ಬರುವ ದಾರಿಯುದ್ದಕ್ಕೂ ಅಜ್ಜಿ ಸುಮ್ಮನಿರಲಿಲ್ಲ. ಆ ದಿನದ ಪುಟದಲ್ಲಿ ಬರೆದಿದ್ದೇನೆ: ಬೋರ್ಡಿನ ಬಗ್ಗೆ ದೂರು, 9 ಸಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಅವಳು ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು. ಪೆನ್ಸಿಲಿನ ಅಕ್ಷರಗಳು ಬೂದಿಯ ಹಾಗೆ ತೆಳುವಾಗಿದ್ದವು.

"ಕಾಣವಲ್ದು, ಬಂಗಾರಾ. ನನ್ನ ಕೈ ನಡಗತದ. ಇದರ ಮ್ಯಾಲನ ಪೆನ್ನಿಲೆ ಬರ್ದು ಕೊಡು."

ಅವಳು ಕೇಳಿದ್ದು ಅಷ್ಟೇ. ಇದ್ದ ಅಕ್ಷರದ ಮೇಲೆ ಶಾಯಿ ಎಳೆಯುವುದು. ನಾನು ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು, ಲ್ಯಾಪ್‌ಟಾಪ್ ತೆರೆದು, ಒಂದೊಂದೇ ಸಾಲನ್ನು ತಾಳೆ ನೋಡಿದೆ. ಧಾರವಾಡದ ಗಡಿಯಾರ ಮುಂದಿತ್ತು, ಪೇಪರಿನ ಸುದ್ದಿ ತಡವಾಗಿ ಬರುತ್ತಿತ್ತು. ಹಾಗಾಗಿ ಎಂಬತ್ತನಾಲ್ಕರಲ್ಲಿ ಮೂವತ್ತೇಳು ತಾರೀಖುಗಳು ಹೊಂದಲಿಲ್ಲ. ತಪ್ಪು ತಾರೀಖಿಗೆ ಶಾಯಿ ಹಾಕಿ ಗಟ್ಟಿ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ಅಂಥ ಕಡೆ ಪೆನ್ಸಿಲಿನ ಅಂಕಿಗಳನ್ನು ರಬ್ಬರಿನಿಂದ ಒರೆಸಿ, ಸರಿಯಾದದ್ದನ್ನು ಬರೆದೆ. ಮೊದಲು ಒರೆಸಿದ್ದು ಮೊದಲ ಸಾಲನ್ನೇ. ಒತ್ತಿ ಬರೆದಿದ್ದಳು. ಒರೆಸಿದ ಮೇಲೂ ಕಾಗದದಲ್ಲಿ ಒಂದರ ಗೀರು ಉಳಿದಿತ್ತು. ಅದರ ಮೇಲೆಯೇ ಜನವರಿ 31 ಎಂದು ಬರೆದೆ.

ನಾಲ್ಕನೇ ಶನಿವಾರ ಅವಳ ಕೈಗಿಟ್ಟಾಗ ಪುಟ ತಿರುಗಿಸಿ, "ಅಕ್ಷರ ಮುತ್ತಿನಂಗ ಅವ," ಎಂದಳು. ಕೆಲಸ ಮುಗಿದ ತೃಪ್ತಿಯಲ್ಲಿ ಡೈರಿಯಲ್ಲಿ ಬರೆದೆ: ನೋಟ್‌ಬುಕ್ಕು ಪೂರ್ತಿ. ತಿದ್ದಿದ್ದು 37.

ಮರುವರ್ಷ ಜನವರಿ 31, ಬುಧವಾರ. ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು.

"ಅವ್ವ ಇವತ್ತೇ ಸಜ್ಜಕ ಮಾಡ್ಯಾಳ. ನಾಳೆ ಅಲ್ಲೇನು ರಾಕೆಟ್ ಹಬ್ಬ?"

"ನೋಟ್‌ಬುಕ್ ನೋಡಿ ಮಾಡಿರಬೇಕು, ಅಮ್ಮ. ಈಗ ಅದು ಕರೆಕ್ಟ್ ಅದ," ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಗುರುವಾರ ಮತ್ತೆ ಫೋನ್. ಮತ್ತೆ ಸಜ್ಜಕ, ಮತ್ತೆ ಮೂಲೆಯಲ್ಲಿ ತಟ್ಟೆ. ಶುಕ್ರವಾರವೂ. ಶನಿವಾರ ನಾನು ಹೋದಾಗ ನಾಲ್ಕನೇ ತಟ್ಟೆ. ಅಜ್ಜಿ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ನೋಟ್‌ಬುಕ್ಕು.

"ಇವತ್ತೆಷ್ಟು ತಾರೀಖು?"

"ಮೂರು, ಅಜ್ಜಿ."

"ನನ್ನ ತಲ್ಯಾಗ ಒಂದು ಅಂತ ಅದ. ಪುಸ್ತಕದಾಗ ಮೂವತ್ತೊಂದು ಅಂತ ಅದ. ಯಾವುದು ಖರೆ?"

"ಯಾವ ದಿನ ಮಾಡಿದ್ರೇನಾತು? ರಾಕೆಟ್ಟಿನ ಹಬ್ಬ ತಾನೆ."

ಅವಳು ನನ್ನನ್ನು ದಿಟ್ಟಿಸಿದಳು. "ಯಾರ ಹಬ್ಬ? ನಮ್ಮವ್ವಗ ಇಡೂದದು."

ಒಲೆಯ ಮುಂದಿದ್ದ ಅಮ್ಮ ಸೌಟು ಹಿಡಿದೇ ಹಿಂತಿರುಗಿದಳು.

ಆ ದಿನ ಅಜ್ಜಿ ಹೇಳಿದ್ದನ್ನು, ಅವಳು ಹೇಳಿದ ಕ್ರಮದಲ್ಲೇ, ಸಂಜೆ ಕುಳಿತು ಬರೆದುಕೊಂಡೆ. ಅವಳ ಅವ್ವ ಬಾಣಂತಿ. ತಮ್ಮನಿಗೆ ಮೂರು ತಿಂಗಳು. ಜ್ವರ ಬಂದು ಎಂಟು ದಿನ ಇಳಿದಿರಲಿಲ್ಲ. ಅಜ್ಜಿ ಮುಂಜಾನೆಯ ಶಾಲೆ ಮುಗಿಸಿ ಬಂದರೆ ಮನೆಯೊಳಗೆ ಬರಬೇಡವೆಂದು ಎದುರು ಮನೆಯ ಮಾಸ್ತರರ ಬಳಿ ಕೂರಿಸಿದರು. ಮಾಸ್ತರರ ಮನೆಯಲ್ಲಿ ರೇಡಿಯೊ ಇತ್ತು. ಡಿಸೆಂಬರಿನಲ್ಲಿ ಬಿದ್ದ ರಾಕೆಟ್ಟಿನ ಕಥೆ ಅವಳಿಗೆ ಹೇಳಿದ್ದು ಅವರೇ. ಇನ್ನೊಮ್ಮೆ ಹಾರಿಸಿಯೇ ಹಾರಿಸುತ್ತಾರೆ, ನೋಡುತ್ತಿರು ಎಂದಿದ್ದವರೂ ಅವರೇ. ಊಟದ ಹೊತ್ತು ಮೀರಿದ ಮೇಲೆ ರೇಡಿಯೊದಲ್ಲಿ ಸುದ್ದಿ ಬಂತು.

"ಮಾಸ್ತರು ಅಂದ್ರು, ‘ಕೂಸ, ಹಾರ್ತು ನೋಡು. ಈ ಸಲ ಬೀಳಲಿಲ್ಲ.’ ನಾ ಚಪ್ಪಾಳಿ ಹೊಡದೆ. ಹೊಡಿಯೂದರಾಗ ಬಾಗಿಲಾಗ ಅಪ್ಪ ನಿಂತಿದ್ದ. ‘ನಡಿ ಮನಿಗೆ’ ಅಂದ. ನನ್ನ ಕೈ ಇನ್ನೂ ಹಿಂಗ ಇದ್ವು."

ಎರಡೂ ಅಂಗೈ ಎದುರುಬದುರು ಹಿಡಿದು ತೋರಿಸಿದಳು.

ಹತ್ತು ವರ್ಷದ ಹುಡುಗಿಗೆ ತಾರೀಖನ್ನಾಗಲಿ ತಿಥಿಯನ್ನಾಗಲಿ ಯಾರೂ ಹೇಳಲಿಲ್ಲ. ಅವಳ ಬಳಿ ಅವ್ವನ ಫೋಟೊ ಕೂಡ ಇಲ್ಲ. ವರ್ಷದೊಳಗೆ ಮನೆಗೆ ಇನ್ನೊಬ್ಬ ತಾಯಿ ಬಂದಳು. ಶ್ರಾದ್ಧ ಮಾಡುವುದು ಅಪ್ಪನ ಪಾಲಿಗಾಯಿತು, ಆಮೇಲೆ ತಮ್ಮನ ಪಾಲಿಗೆ. ಅಜ್ಜಿ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಒತ್ತಿ, ಉಪಗ್ರಹ ಹಾರಿದ್ದನ್ನು ಬರೆದಿಟ್ಟಳು.

"ತಿಥಿ ಗಂಡಮಕ್ಕಳದು," ಎಂದಳು. "ನನಗ ಈ ತಾರೀಖು."

ಅಮ್ಮ ಸೆರಗಿಲ್ಲದ ಕುರ್ತಾದ ತೋಳಿನಿಂದ ಕಣ್ಣೊರೆಸಿಕೊಂಡು, "ಇಷ್ಟು ವರ್ಷ ಯಾಕ ಹೇಳಲಿಲ್ಲವ್ವ?" ಎಂದಳು.

"ನೀವು ನಗತಿದ್ರಿ. ನಗು ಯಾಕ ಕೆಡಸೂದು ಅಂತ ಸುಮ್ನಿದ್ದೆ."

ನಾನು ತಕ್ಷಣ, "ನಿನ್ನ ಒಂದನೇ ತಾರೀಖೇ ಖರೆ, ಅಜ್ಜಿ. ನಾ ತಪ್ಪು ಮಾಡಿದೆ," ಎಂದೆ. ಅವಳು ತಲೆಯಾಡಿಸಿದಳು. ಭಾನುವಾರ ಬೆಳಿಗ್ಗೆ ಮತ್ತೆ ರವೆಯ ಡಬ್ಬಿ ತೆಗೆದಿದ್ದಳು. ಯಾವ ದಿನವೆಂದು ಗೊತ್ತಿಲ್ಲದಿದ್ದರೆ ಯಾವ ದಿನವನ್ನೂ ಬಿಡುವಂತಿಲ್ಲ ಎಂದು ಅವಳಿಗೆ ಅನಿಸಿರಬೇಕು. ಹದಿನೇಳು ದಿನ, ಹದಿನೇಳು ತಟ್ಟೆ. ಹದಿನೇಳನೇ ದಿನ ರವೆ ತೀರಿತು. ನಾವು ತರಲಿಲ್ಲ.

ಅವಳ ತಮ್ಮ, ನನ್ನ ಸಣ್ಣಜ್ಜ, ಇರುವುದು ಡಲ್ಲಾಸ್‌ನಲ್ಲಿ. ಆ ದಿನದ ಬಗ್ಗೆ ಇನ್ನೊಬ್ಬರ ಬಾಯಿಂದ ಕೇಳಿದರೆ ಅಜ್ಜಿಗೆ ನಂಬಿಕೆ ಬಂದೀತು ಎಂದು ಒಂದು ದಿನ ಆಫೀಸಿಗೆ ರಜೆ ಹಾಕಿ ಆಸ್ಟಿನ್‌ನಿಂದ ಅಲ್ಲಿಗೆ ಹೋದೆ. ಮೂರೂವರೆ ಗಂಟೆ ದಾರಿ. ಸಣ್ಣಜ್ಜ ಗ್ಯಾರೇಜಿನಲ್ಲಿ ಕುಂಡಗಳಿಗೆ ಮಣ್ಣು ತುಂಬಿಸುತ್ತಿದ್ದರು. ಕೈ ತೊಳೆಯದೆ ಅಲ್ಲೇ ಮಡಚುವ ಕುರ್ಚಿಯಲ್ಲಿ ಕುಳಿತು ಮಾತಾಡಿದರು.

"ತಿಥಿ ಗೊತ್ತದ. ಮಾಘ ಮಾಸ, ಶುಕ್ಲಪಕ್ಷ. ಇಂಗ್ಲಿಷ್ ತಾರೀಖು ಯಾರಿಗೂ ಗೊತ್ತಿಲ್ಲ. ವಾರ ಮಾತ್ರ ಶನಿವಾರ, ಅದು ಖರೆ."

"ಹೆಂಗ ಹೇಳ್ತೀರಿ?"

"ಚಟ್ಟಕ್ಕ ತೆಂಗಿನಕಾಯಿ ಕಟ್ಟಿದ್ರಂತಲ್ಲವಾ. ಶನಿವಾರ ಹೋದವರು ಒಬ್ಬರೇ ಹೋಗಂಗಿಲ್ಲ, ಜೋಡಿ ಒಬ್ಬರನ್ನ ಕರಕೊಂಡು ಹೋಗತಾರ ಅಂತಾರ. ಅದಕ್ಕ ಕಾಯಿ ಕಟ್ಟಿ ಕಳಸೂದು. ಮನ್ಯಾಗ ಮೂರು ತಿಂಗಳ ಕೂಸು ನಾನಿದ್ದೆ. ಎಲ್ಲಾರಿಗೂ ಅಂಜಿಕಿ." ಉಗುರಿನೊಳಗಿನ ಮಣ್ಣನ್ನು ಕೆರೆಯುತ್ತಾ ಸೇರಿಸಿದರು, "ನನ್ನ ಬದಲಿ ಆ ಕಾಯಿ ಹೋತು."

ಅಜ್ಜಿಯ ತಟ್ಟೆಯ ವಿಷಯ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ.

"ಪ್ರತಿ ವರ್ಷ ಶ್ರಾದ್ಧ ಮುಗಿಸಿ ಅಕ್ಕಗ ಫೋನ್ ಮಾಡತೀನಿ. ‘ಆತೇನಪಾ? ಛಲೋ ಆತು’ ಅಂತಾಳ. ಅಷ್ಟ. ತಾನೂ ಇಡತೀನಿ ಅಂತ ಒಮ್ಮೆನೂ ಅಂದಿಲ್ಲ." ಒಂದು ಕುಂಡವನ್ನು ಹತ್ತಿರ ಎಳೆದುಕೊಂಡು ಕೇಳಿದರು, "ಅವ್ವ ಹೆಂಗಿದ್ಲು ಅಂತ ಏನರ ಹೇಳ್ಯಾಳೇನು ನಿನಗ? ನಾ ಕೇಳಬೇಕು ಅಂತಿದ್ದೆ. ಕೇಳಲಿಕ್ಕೇ ಆಗಲಿಲ್ಲ."

ಇಲ್ಲ ಎಂದೆ. ಸಜ್ಜಕ ಸೇರುತ್ತಿತ್ತು ಎಂದಷ್ಟೇ ಹೇಳಿದ್ದಾಳೆ ಎಂದೆ. ಅವರು ಅದನ್ನೇ ಎರಡು ಸಲ ಹೇಳಿಕೊಂಡರು.

ಅಂದು ಸಂಜೆ ಆಸ್ಟಿನ್ ತಲುಪಿ ಹಳೆಯ ಡೈರಿಗಳನ್ನು ತೆಗೆದೆ. ಶನಿವಾರದ ಪುಟಗಳಲ್ಲಿ ಬೆರಳಿಟ್ಟು ಹುಡುಕಿದೆ. ನೋಟ್‌ಬುಕ್ಕಿಗೆ ಶಾಯಿ ಹಾಕುವುದಕ್ಕೆ ಐದು ತಿಂಗಳ ಮುಂಚೆಯೇ ನನ್ನದೇ ಕೈಬರಹದಲ್ಲಿತ್ತು: ಅಜ್ಜಿ, "ತೆಂಗಿನಕಾಯಿ ಯಾಕ ಕಟ್ಟಿದ್ರು?", 3 ಸಲ. ಯಾವ ಕಾಯಿ, ತಿಳಿಯಲಿಲ್ಲ. ಮುಂದಿನ ವಾರ: "ಮುಂಜಾನಿ ಸಾಳಿ ಇತ್ತು ಅವತ್ತು", 2 ಸಲ. ಧಾರವಾಡದ ಕಡೆ ಮುಂಜಾನೆಯ ಶಾಲೆ ಇರುವುದು ಶನಿವಾರ ಮಾತ್ರ. ಅದು ನನಗೆ ಗೊತ್ತಿತ್ತು, ನಾನೂ ಅಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವಳು. ಆ ವರ್ಷದ ಜನವರಿ 31 ಶುಕ್ರವಾರ, ಫೆಬ್ರವರಿ 1 ಶನಿವಾರ. ನೋಡಲು ಒಂದು ನಿಮಿಷ ಬೇಕಿತ್ತು. ನಾನು ಆ ಮಾತುಗಳು ಎಷ್ಟು ಸಲ ಬಂದವೆಂದು ಎಣಿಸಿದ್ದೆ. ಏನು ಎಂದು ಕೇಳಿರಲಿಲ್ಲ.

ಮುಂದಿನ ಶನಿವಾರ ಬಿಳಿ ಶಾಯಿ ತೆಗೆದುಕೊಂಡು ಹೋದೆ. ಮೊದಲ ಸಾಲಿನ ಜನವರಿ 31ರ ಮೇಲೆ ಬಳಿದು, ಒಣಗಿಸಿ, ಫೆಬ್ರವರಿ 1 ಎಂದು ಬರೆದೆ. ಸಣ್ಣಜ್ಜನಿಗೆ ವಿಡಿಯೊ ಕಾಲ್ ಮಾಡಿ, "ಶನಿವಾರನ, ಅಕ್ಕ. ಒಂದನೇ ತಾರೀಖು" ಎಂದು ಅವರ ಬಾಯಿಂದಲೇ ಹೇಳಿಸಿದೆ. ಅಜ್ಜಿ ಫೋನಿಗೆ ನಮಸ್ಕಾರ ಮಾಡಿದಳು. ಅದು ತಮ್ಮನೆಂದು ಆ ದಿನ ಅವಳಿಗೆ ಹೊಳೆದಿರಲಿಲ್ಲ. ಆಮೇಲೆ ನೋಟ್‌ಬುಕ್ಕಿನ ಪುಟದ ಮೇಲೆ ಬೆರಳಾಡಿಸಿ, ಬಿಳಿ ಬಳಿದ ಕಡೆ ನಿಲ್ಲಿಸಿದಳು.

"ಇದು ನಿನ್ನ ಅಕ್ಷರ. ನಂದೆಲ್ಲಿ?"

"ಅದರ ಕೆಳಗ ಅದ, ಅಜ್ಜಿ."

"ನೀ ಮೊದಲ ಮೂವತ್ತೊಂದು ಅಂದಿ. ಈಗ ಒಂದು ಅಂತಿ. ನಾಳೆ ಏನಂತಿ?"

ಸಿಟ್ಟಿನಿಂದ ಹೇಳಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು. ನೋಟ್‌ಬುಕ್ಕನ್ನು ಮುಚ್ಚಿ ನನ್ನ ಕಡೆ ಸರಿಸಿದಳು. ಮತ್ತೆ ಅದನ್ನು ತೆರೆಯಲಿಲ್ಲ. ಈಗ ಅದು ನನ್ನ ಬಳಿ ಆಸ್ಟಿನ್‌ನಲ್ಲಿದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಕಾಯಿಲೆ ಹೆಚ್ಚಾಯಿತು. ಅಜ್ಜಿ ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಕುಳಿತು ಎದುರು ಮನೆಯನ್ನೇ ನೋಡುತ್ತಿರುತ್ತಿದ್ದಳು. ಒಂದು ದಿನ ಅಮ್ಮನನ್ನು ಕೇಳಿದಳು.

"ಹಾರ್ತೇನ?"

"ಏನವ್ವ?"

"ಅಮೆರಿಕಾದವರದು. ಹಾರ್ತೇನ?"

"ಅದು ಎಂದೋ ಹಾರಿ ಹೋತಲ್ಲವ್ವ."

ಅಜ್ಜಿ ಬಾಗಿಲ ಕಡೆ ತಿರುಗಿದಳು. ಯಾರೋ ಅಲ್ಲಿ ಬಂದು ನಿಲ್ಲುತ್ತಾರೆ ಎಂಬಂತೆ ನೋಡುತ್ತಾ ನೋಡುತ್ತಾ ಅಳತೊಡಗಿದಳು. "ಅಪ್ಪ ಬಂದ್ನೇನು ಕರೀಲಿಕ್ಕೆ?" ಎಂದಳು. ಅಂದು ಊಟ ಮಾಡಲಿಲ್ಲ. ಮರುದಿನ ಅದನ್ನೆಲ್ಲ ಮರೆತು ಮತ್ತೆ ಅದೇ ಪ್ರಶ್ನೆ ಕೇಳಿದಳು. ನಾವು ಮತ್ತೆ ಅದೇ ಉತ್ತರ ಕೊಟ್ಟೆವು. ಸುಳ್ಳು ಹೇಳಬಾರದು ಎಂಬುದು ನನ್ನ ಹಟವಾಗಿತ್ತು. ಒಟ್ಟು ಆರು ಸಲ ನಾವು ಅವಳಿಗೆ ನಿಜ ಹೇಳಿದ್ದೇವೆ. ಆರು ಸಲವೂ ಅವಳು ಬಾಗಿಲು ನೋಡಿ ಅತ್ತಳು.

ಏಳನೇ ಸಲ ಕೇಳಿದಾಗ ನಾನೇ ಪಕ್ಕದಲ್ಲಿದ್ದೆ. ಏನು ಹೇಳಲಿ ಎಂದು ಹುಡುಕುವಾಗ, ತಾರೀಖು ತಾಳೆ ನೋಡುತ್ತಿದ್ದ ದಿನಗಳಲ್ಲಿ ಓದಿದ್ದೊಂದು ನೆನಪಾಯಿತು. ಆ ಉಪಗ್ರಹವನ್ನು ಎರಡು ದಿನ ಮೊದಲೇ ಹಾರಿಸಬೇಕಿತ್ತು. ಬಹಳ ಎತ್ತರದಲ್ಲಿ ಗಾಳಿ ಬಲವಾಗಿದ್ದರಿಂದ ಎರಡು ದಿನ ತಡೆದಿದ್ದರು.

"ಇಲ್ಲಜ್ಜಿ," ಎಂದೆ. "ಮ್ಯಾಲ ಗಾಳಿ ಜೋರದಂತ. ಮುಂದ ಹಾಕ್ಯಾರ."

ಅವಳ ಭುಜಗಳು ಇಳಿದವು. "ಹೌದಲ್ಲ. ಗಾಳ್ಯಾಗ ಬಿಟ್ರ ಮೊನ್ನಿ ಹಂಗ ಬೀಳತದ." ಸ್ವಲ್ಪ ಹೊತ್ತಿಗೆ ಚಹಾ ಕೇಳಿದಳು. ಮೂರು ಚಮಚ ಸಕ್ಕರೆ ಹಾಕಿಕೊಟ್ಟೆ.

ಅಂದಿನಿಂದ ಮನೆಯಲ್ಲಿ ಎಲ್ಲರೂ ಅದೇ ಉತ್ತರ ಕೊಡುತ್ತೇವೆ. ಅಪ್ಪ ಕೂಡ ಆಫೀಸಿನಿಂದ ಬಂದು ಟೈ ಬಿಚ್ಚುತ್ತಾ, "ಇವತ್ತೂ ಗಾಳಿ ಅಂತರಿ, ಅತ್ತೆ" ಎನ್ನುತ್ತಾರೆ. ಅಮ್ಮ ಹೇಳಿದ್ದು, ಅಪ್ಪ ಹೇಳಿದ್ದು, ನಾನು ಹೇಳಿದ್ದು ಸೇರಿ ಡೈರಿಯಲ್ಲಿ ಒಂದು ಹೊಸ ಅಂಕಣ ಬರೆಯುತ್ತೇನೆ: ಮುಂದೂಡಿಕೆ. ಎರಡು ದಿನ ಮಾತ್ರ ನಿಜವಾಗಿ ಬೀಸಿದ್ದ ಗಾಳಿ ಅದು. ಜನವರಿ ಮುಗಿಯುವಾಗ ಲೆಕ್ಕ 143 ಮುಟ್ಟಿತ್ತು.

ಈ ವರ್ಷ ಫೆಬ್ರವರಿ ಒಂದು ಶನಿವಾರವೇ ಬಂತು. ಹಿಂದಿನ ವಾರವೇ ಅಮ್ಮನನ್ನು ಕೇಳಿದೆ, ತಟ್ಟೆ ಇಡುವುದು ಹೇಗೆ ಎಂದು.

"ಇಲ್ಲೆ ಬ್ಯಾಡ," ಎಂದಳು ಅಮ್ಮ. "ವಾಸನಿ ಬಂದ್ರ ಅಕಿಗೆ ನೆನಪಾಗತದ. ನೆನಪಾದ್ರ ಅದು ಹಾರತದ."

ಹಾಗಾಗಿ ಬೆಳಿಗ್ಗೆ ಬೇಗ ಎದ್ದು ಆಸ್ಟಿನ್‌ನ ನನ್ನ ಮನೆಯಲ್ಲೇ ಸಜ್ಜಕ ಮಾಡಿದೆ. ಹಿಲ್‌ಕ್ರಾಫ್ಟ್‌ನ ರವೆ. ತಳ ಸ್ವಲ್ಪ ಹತ್ತಿತು. ಮೂಲೆಯಲ್ಲಿ ತಟ್ಟೆ ಇಟ್ಟು, ಪಕ್ಕದಲ್ಲಿ ನೀರು ಇಟ್ಟು, ಏನು ಹೇಳಬೇಕೆಂದು ತಿಳಿಯದೆ ನಿಂತೆ. ಅಜ್ಜಿ ಏನಾದರೂ ಹೇಳುತ್ತಿದ್ದಳೇ ಎಂದು ನೆನಪು ಮಾಡಿಕೊಂಡೆ. ಆ ಹೊತ್ತಿನಲ್ಲಿ ನಾವು ಗಲಾಟೆ ಮಾಡುತ್ತಿದ್ದೆವು, ಕೇಳಿಸುತ್ತಿರಲಿಲ್ಲ. ತಟ್ಟೆಯದನ್ನು ತಿನ್ನಲು ಇನ್ನೊಬ್ಬರು ಇರಲಿಲ್ಲ. ನಾನೇ ತಿಂದು ಕಾರು ಹತ್ತಿದೆ.

ಅಜ್ಜಿ ಕಿಟಕಿಯಲ್ಲಿದ್ದಳು. ಚಿತ್ರಗುಪ್ತ ಎಂದು ಕೂಗುವುದು ನಿಂತು ಬಹಳ ತಿಂಗಳಾಗಿವೆ. ನಾನು ಪಕ್ಕದಲ್ಲಿ ಕುಳಿತಾಗ ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದಳು.

"ತುಪ್ಪ. ಸಜ್ಜಕ ಮಾಡಿದ್ರೇನು ನಿಮ್ಮ ಮನ್ಯಾಗ?"

"ಹೂಂ," ಎಂದೆ.

"ನಮ್ಮವ್ವಗ ಭಾಳ ಸೇರತದ. ಈಗ ಜ್ವರ ಅದ. ಆರಾಮಾದ ಮ್ಯಾಲ ನಾನ ಮಾಡಿ ಕೊಡತೀನಿ."

"ಕೊಡು, ಅಜ್ಜಿ."

"ಹಾರ್ತೇನ?"

"ಇನ್ನೂ ಇಲ್ಲ. ಗಾಳಿ ಜೋರದ."

ಅವಳು ಹೊರಗೆ ನೋಡಿದಳು. ಎದುರು ಮನೆಯ ಅಂಗಳದ ಓಕ್ ಮರ ಬಿಸಿಲಲ್ಲಿ ನಿಂತಿತ್ತು.

"ಎಲಿ ಅಲಗವಲ್ದಲ್ಲ?"

"ಇಲ್ಲೆ ಅಲ್ಲಜ್ಜಿ. ಮ್ಯಾಲ. ಭಾಳ ಮ್ಯಾಲ."

ಒಪ್ಪಿಕೊಂಡಳು. ನನ್ನ ಕೈಯನ್ನು ಬಿಡದೆ ತೊಡೆಯ ಮೇಲಿಟ್ಟುಕೊಂಡು ಮತ್ತೆ ಎದುರು ಮನೆಯ ಕಡೆ ತಿರುಗಿದಳು. ಅವಳು ನಿದ್ದೆ ಹೋದ ಮೇಲೆ ಇನ್ನೊಂದು ಕೈಯಿಂದ ಡೈರಿ ಬಿಡಿಸಿ ಬರೆದೆ. ಎಡಗೈ ಬರಹ, ಸೊಟ್ಟಗಿದೆ: ಫೆಬ್ರವರಿ 1, ಶನಿವಾರ. ಮುಂದೂಡಿಕೆ 144. ತಟ್ಟೆ 1.